ಮೂರನೇ ಗೇರು

ನಗರಸಭೆಯ ಆ ಕಾಗದ ಮೇಷ್ಟ್ರ ಹೆಸರಿಗೆ ಬಂದಿದ್ದರೆ ಇಷ್ಟೆಲ್ಲ ರಾಮಾಯಣವೇ ಆಗುತ್ತಿರಲಿಲ್ಲ. ಅವರು ಅಂದೇ ‘ಆಕ್ಷೇಪವಿದೆ’ ಎನ್ನುವ ಕಡೆ ಗೀಟು ಎಳೆದು, ಸಹಿ ಜಡಿದು, ಸಂಜೆಯೊಳಗೆ ಕೊಟ್ಟು ಬಂದು ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಮನೆ ಇದ್ದದ್ದು ಅವರ ಹೆಂಡತಿಯ ಹೆಸರಿನಲ್ಲಿ. ಅದು ಅವಳಪ್ಪ ಕಟ್ಟಿಸಿದ ಮನೆ. ಮನೆಗೊಂದೇ ಕಾಗದ, ಮನೆಗೊಂದೇ ಸಹಿ ಎಂದು ನಗರಸಭೆಯವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಆ ಸಹಿ ಫೋನಮ್ಮನದೇ ಆಗಬೇಕಿತ್ತು.

ಫೋನಮ್ಮ ಎಂದರೆ ಮೇಷ್ಟ್ರ ಹೆಂಡತಿಯೇ. ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಮನೆಯ ಮುಂದಿನ ಕೋಣೆಯೇ ಅವರ ಡ್ರೈವಿಂಗ್ ಸ್ಕೂಲು, ಬಾಗಿಲ ಎದುರು ರಸ್ತೆಯ ಅಂಚಿನಲ್ಲಿ ನಿಂತ ಎರಡು ಪುಟ್ಟ ಬಿಳಿ ಕಾರುಗಳೇ ಅದರ ಆಸ್ತಿ. ಪಾಠದ ವೇಳೆ ಗೊತ್ತು ಮಾಡುವುದು, ಬಾರದವರನ್ನು ಗದರುವುದು, ಫೇಲಾದವರನ್ನು ಸಮಾಧಾನ ಮಾಡುವುದು, ಇವೆಲ್ಲ ಮೂವತ್ತು ವರ್ಷದಿಂದ ಹೆಂಡತಿಯ ಕೆಲಸ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು. ಕಲಿಯಲು ಬಂದ ಯಾರೋ ತುಂಟ ಇಟ್ಟ ಹೆಸರು ಕೊನೆಗೆ ಮಗನ ಬಾಯಿಗೂ ಬಂದಿತ್ತು.

ಕಾಗದದಲ್ಲಿ ಇದ್ದದ್ದು ಇಷ್ಟು: ಈ ಬೀದಿಯಿಂದ ಆಸ್ಪತ್ರೆಯವರೆಗೆ ರಸ್ತೆಯ ಒಂದು ಅಂಚಿನಲ್ಲಿ ಸೈಕಲ್ ಲೇನ್ ಮಾಡಲಾಗುವುದು, ಅಲ್ಲಿ ಇನ್ನು ಮುಂದೆ ಯಾವ ವಾಹನವೂ ನಿಲ್ಲುವಂತಿಲ್ಲ, ಒಪ್ಪಿಗೆಯೋ ಆಕ್ಷೇಪವೋ ನಾಲ್ಕು ವಾರದೊಳಗೆ ತಿಳಿಸತಕ್ಕದ್ದು. ಆ ಅಂಚು ಮೇಷ್ಟ್ರ ಬಾಗಿಲಿದ್ದ ಅಂಚೇ. ಅಷ್ಟೇ ಆಗಿದ್ದರೆ ಒಂದು ಮಾತು. ಆ ಲೇನ್ ಬೇಕೆಂದು ಎರಡು ವರ್ಷದಿಂದ ಅರ್ಜಿ ಬರೆದು, ಮನೆಮನೆ ಸುತ್ತಿ ಸಹಿ ಕೂಡಿಸಿದ್ದ ಸೈಕಲ್ ಸಂಘದ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಈ ಮನೆಯ ಸೊಸೆಯೇ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಖಾಲಿ ಹೊಟ್ಟೆಯಲ್ಲಿ ಬಂದು ಕೂತವರನ್ನು ಕಾಯಿಸಬಾರದು ಎಂದು ದಿನಾ ಎಂಟಕ್ಕೆ ಸರಿಯಾಗಿ ಸೈಕಲ್ ಹತ್ತುತ್ತಿದ್ದಳು.

ಅಂದು ರಾತ್ರಿಯ ಊಟಕ್ಕೆ ಕಾಗದವನ್ನೇ ಬಡಿಸಿದ ಹಾಗಾಯಿತು.

“ಬಾಗಿಲಲ್ಲಿರೋ ಕಾರನ್ನ ತಲೆ ಮೇಲೆ ಇಟ್ಕೊಂಡು ಓಡಾಡ್ಲಾ?” ಎಂದರು ಮೇಷ್ಟ್ರು.

“ರಸ್ತೆ ನಮ್ಮ ಬಾಗಿಲಲ್ಲಿ ಇದ್ರೂ ನಮ್ದಲ್ಲ ಮಾವ. ರಸ್ತೆ ಎಲ್ಲರ್ದೂ,” ಎಂದಳು ಸೊಸೆ.

“ಎಲ್ಲರ್ದೂ ಅಂತ ಎಲ್ಲರೂ ನಡುವೆ ಬಂದು ನಿಂತ್ರೆ?”

“ನಡುವೆ ಬರ್ಬಾರ್ದು ಅಂತಾನೇ ಅಂಚಿನಲ್ಲಿ ಕೊಡಿ ಅಂತಿರೋದು. ಲೇನ್ ಬಂದ್ರೆ ಪುಟ್ಟಿನೂ ನನ್ನ ಜೊತೆ ಅವಳ ಸೈಕಲ್ಲಲ್ಲೇ ಸ್ಕೂಲಿಗೆ ಬರ್ತಾಳೆ.”

ಹತ್ತು ವರ್ಷದ ಪುಟ್ಟಿಯ ಸೈಕಲ್ಲು ಈವರೆಗೆ ಹಿತ್ತಲಿನ ಬಟ್ಟೆ ಹಗ್ಗವನ್ನು ಸುತ್ತಿದ್ದು ಬಿಟ್ಟರೆ ಬೇರೆ ದೇಶ ಕಂಡಿರಲಿಲ್ಲ. ಅವಳು ತಟ್ಟೆಯಿಂದ ತಲೆಯೆತ್ತಿ ತಾತನ ಮುಖ ನೋಡಿದಳು.

ಮೇಷ್ಟ್ರ ಕೈಯ ತುತ್ತು ಕೈಯಲ್ಲೇ ಉಳಿಯಿತು. “ನಾನು ಬದುಕಿರೋವರೆಗೂ ಆಗಲ್ಲ. ಹೋದ ವರ್ಷ ಆ ವ್ಯಾನಿನವನು ನಿನ್ನ ಉಜ್ಜಿಕೊಂಡು ಹೋಗಿದ್ದು ಮರ್ತುಹೋಯ್ತಾ? ಮೊಣಕೈ ತರಚಿಸ್ಕೊಂಡು ಬಂದು ನಗ್ತಾ ನಿಂತಿದ್ದೆ.”

“ಅತ್ತಿದ್ರೆ ಗಾಯ ಮಾಯ್ತಿತ್ತಾ ಮಾವ?”

ಫ್ರಿಜ್ ರಿಪೇರಿ ಮಾಡುವ ಮಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅಪ್ಪನ ಮಾತಿಗೂ ತಲೆಯಾಡಿಸುವುದು, ಹೆಂಡತಿಯ ಮಾತಿಗೂ ತಲೆಯಾಡಿಸುವುದು, ಎರಡು ತುತ್ತು ಹೆಚ್ಚಿಗೆ ಉಂಡು ಎದ್ದುಬಿಡುವುದು, ಇದು ಅವನು ಹನ್ನೆರಡು ವರ್ಷದ ಸಂಸಾರದಲ್ಲಿ ಕಂಡುಕೊಂಡ ವಿದ್ಯೆ.

ಕೊನೆಗೆ ಎಲ್ಲರೂ ಫೋನಮ್ಮನ ಕಡೆ ತಿರುಗಿದರು. ಆಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಫ್ರಿಜ್ಜಿನ ಮೇಲೆ ಉಪ್ಪಿನ ಜಾಡಿಯ ಕೆಳಗೆ ಸಿಕ್ಕಿಸಿದಳು. “ನಾಲ್ಕು ವಾರ ಇದೆಯಲ್ಲ, ನೋಡೋಣ. ಈಗ ತಟ್ಟೆ ಎತ್ತಿ.”

ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ. ಆದರೆ ಆ ದೀಪದಿಂದ ಅಡುಗೆಮನೆಗೆ ಬಂದ ಬೆಳಕು ಅಷ್ಟಿಷ್ಟಲ್ಲ. ಮರುದಿನ ಬೆಳಿಗ್ಗೆ ಫೋನಮ್ಮ ಏಳುವುದರೊಳಗೆ ಸೊಸೆ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದಳು. ಮಧ್ಯಾಹ್ನ ಮೇಷ್ಟ್ರು ಕೇಳದೆಯೇ ಬಟಾಣಿ ಸುಲಿಯಲು ಕೂತರು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವರು ಅಡುಗೆಮನೆಯಲ್ಲಿ ಕೂತದ್ದು ಅದೇ ಮೊದಲು. ಕಾಳು ಅರ್ಧ ಬಟ್ಟಲಿಗೆ, ಅರ್ಧ ನೆಲಕ್ಕೆ.

“ನಿನಗೆ ಮೊಣಕಾಲು ನೋವು ಅಂತಿದ್ಯಲ್ಲ, ಎಣ್ಣೆ ತಂದಿಟ್ಟಿದೀನಿ,” ಎಂದರು.

“ಆ ನೋವು ಶುರುವಾಗಿ ಆರು ವರ್ಷ ಆಯ್ತು ರೀ,” ಎಂದಳು ಫೋನಮ್ಮ.

ಸಂಜೆ ಸೊಸೆ ಹಣ್ಣು ತಂದಳು. ರಾತ್ರಿ ಮೇಷ್ಟ್ರು ಹಾಸಿಗೆ ಕೊಡವಿದರು. ಪುಟ್ಟಿ ಅಜ್ಜಿಯ ಬಿಳಿಗೂದಲು ಎಣಿಸಿ, ಹದಿನೇಳಕ್ಕಿಂತ ಹೆಚ್ಚಿಲ್ಲ ಎಂದು ಅಪ್ಪಟ ಸುಳ್ಳು ಹೇಳಿದಳು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುವುದನ್ನು ಫೋನಮ್ಮ ಕಿವಿಯಾರೆ ಕೇಳಿದ್ದಳೇ ಹೊರತು ಹೀಗೆ ಕುಳಿತು ಅನುಭವಿಸಿರಲಿಲ್ಲ. ನಗರಸಭೆಯವರು ನಾಲ್ಕು ವಾರದ ಬದಲು ನಾಲ್ಕು ತಿಂಗಳು ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಅವಳಿಗೆ ಅನ್ನಿಸಿದ್ದು ನಿಜ.

ಎರಡನೆಯ ವಾರ ಒಂದು ಫೋನು ಬಂತು. ಬಟ್ಟೆ ಹೊಲಿಯುವಾಕೆ, ಎಂಟು ಗಂಟೆ ಪಾಠದವಳು.

“ಫೋನಮ್ಮಾ, ಟೆಸ್ಟಲ್ಲಿ ಫೇಲ್ ಆದೆ. ಮೂರನೇ ಗೇರು ಹಾಕು ಅಂದ್ರು, ನನಗೆ ಅದು ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ.”

“ಅಯ್ಯೋ! ಹದಿನೈದು ಪಾಠ ಆಗಿದೆಯಲ್ಲೇ ನಿನಗೆ?”

“ಹದಿನೈದೂ ಎರಡನೇ ಗೇರಲ್ಲೇ ಆಯ್ತು. ಮೇಷ್ಟ್ರು ಅದಕ್ಕಿಂತ ಮೇಲೆ ಬಿಡಲ್ಲ. ನಾನು ಆಕ್ಸಿಲರೇಟರ್ ಒತ್ತಿದ್ರೆ ಅವ್ರು ಅವ್ರ ಕಡೆ ಬ್ರೇಕ್ ಒತ್ತುತಾರೆ.”

ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ತಪ್ಪಿದರೆ ಕಾಯುವುದಕ್ಕೆ. ಕಾಲಿನ ಆ ಅಭ್ಯಾಸ ಮೇಷ್ಟ್ರಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಬಸ್ಸಿನಲ್ಲಿ ಕೂತರೂ ತಿರುವು ಬಂದಾಗ ನೆಲ ಒತ್ತುತ್ತಿದ್ದರು. ಮನೆಯಲ್ಲಿ ಹಾಲು ಉಕ್ಕಿ ಬಂದರೂ ಅಷ್ಟೆ.

ಎರಡು ದಿನ ಬಿಟ್ಟು ಬೇಕರಿಯ ಹುಡುಗಿಯ ಅಪ್ಪ ಫೋನು ಮಾಡಿ ಅದೇ ದೂರು ಹೇಳಿದ. ಫೋನಮ್ಮ ಪಾಠದ ಪುಸ್ತಕ ತೆಗೆದು ಹಾಳೆ ತಿರುವಿದಳು. ಒಂಬತ್ತರವರು ಪಾಸು, ಹತ್ತರವರು ಪಾಸು, ಸಂಜೆಯವರು ಪಾಸು. ಎಂಟರವರು ಮಾತ್ರ ಒಬ್ಬರ ಹಿಂದೆ ಒಬ್ಬರು ನೆಲ ಕಚ್ಚಿದ್ದರು. ಒಂದು ವರ್ಷದಿಂದ ಹೀಗೇ ನಡೆದಿತ್ತು.

“ಏನ್ರೀ ಇದು? ಎಂಟು ಗಂಟೆಯವರಿಗೆ ಮಾತ್ರ ಏನು ಶನಿ ಹಿಡಿದಿದೆ?”

“ಈಗಿನವರಿಗೆ ತಲೆ ಎಲ್ಲಿದೆ?” ಎಂದು ಮೇಷ್ಟ್ರು ಪೇಪರಿನೊಳಗೆ ಮುಖ ಹುದುಗಿಸಿದರು.

“ಒಂಬತ್ತು ಗಂಟೆಗೆ ಅದೇ ಈಗಿನವರಿಗೆ ತಲೆ ಬಂದುಬಿಡತ್ತಾ?”

ಮೇಷ್ಟ್ರು ಪೇಪರಿನ ಹಾಳೆ ತಿರುವಿದರು.

ಮೂರನೆಯ ವಾರ ಶಾಲೆಯ ಸಭಾಂಗಣದಲ್ಲಿ ಬೀದಿಯವರ ಸಭೆ ಸೇರಿತು. ಒಂದು ಕಡೆ ಅಂಗಡಿಯವರು, ಇನ್ನೊಂದು ಕಡೆ ಸೈಕಲ್ಲಿನವರು, ನಡುವೆ ನಗರಸಭೆಯ ಇಂಜಿನಿಯರ್ ಒಬ್ಬ, ಸಿಕ್ಕಿಬಿದ್ದವನ ಹಾಗೆ. ಫೋನಮ್ಮ ಜಾಣತನದಿಂದ ನಡುವಿನ ಸಾಲಿನಲ್ಲಿ ಕೂತಳು.

ಸೊಸೆ ಎದ್ದು ಚೆನ್ನಾಗಿಯೇ ಮಾತಾಡಿದಳು. “ಕಾರಿನವ್ರು ಕೆಟ್ಟವ್ರು ಅಂತ ನಾನು ಹೇಳ್ತಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗೋವಾಗ ಒಂದು ವರ್ಷದಿಂದ ಒಬ್ರೂ ನನ್ನ ಉಜ್ಜಿಕೊಂಡು ಹೋಗಿಲ್ಲ. ಹಿಂದೆ ದೂರದಲ್ಲಿ ಹಾರ್ನ್ ಕೇಳಿಸತ್ತೆ ಅಷ್ಟೇ, ಯಾರೂ ಮೈಮೇಲೆ ಬರಲ್ಲ.”

“ಹಾಗಾದ್ರೆ ಲೇನ್ ಯಾಕಮ್ಮಾ ಬೇಕು?” ಎಂದ ಕುರ್ಚಿ-ಮೇಜಿನ ಅಂಗಡಿಯವನು. ಅವನ ಕಡೆಯವರು ನಕ್ಕರು.

“ಸಂಜೆಗೆ ಬೇಕು. ಅದೇ ರಸ್ತೆ, ಅದೇ ಜನ. ಬೆಳಗ್ಗೆ ದೇವರಂಥವ್ರು, ಸಂಜೆ ಬರೋವಾಗ ರಾಕ್ಷಸರು. ಜೀವ ಕೈಯಲ್ಲಿ ಹಿಡ್ಕೊಂಡು ಬರ್ತೀನಿ.”

ಮೇಷ್ಟ್ರು ತಮ್ಮ ಬೂಟನ್ನೇ ನೋಡುತ್ತಿದ್ದರು. ಆಮೇಲೆ ಅಂಗಡಿಯವರು ಎಬ್ಬಿಸಿ ನಿಲ್ಲಿಸಿದಾಗ ಅವರ ಬಾಯಿಂದ ಬಂದದ್ದು ಕಾರು ನಿಲ್ಲಿಸುವ ಮಾತಲ್ಲ. “ಒಂದು ಬಿಳಿ ಗೆರೆ ಎಳೆದ್ರೆ ಅದು ಬ್ರೇಕ್ ಹಾಕತ್ತಾ? ಗೆರೆ ನಂಬ್ಕೊಂಡು ಇವ್ರು ಮಕ್ಕಳನ್ನ ಲಾರಿ ಕೆಳಗೆ ಕಳಿಸೋಕೆ ಹೊರಟಿದಾರೆ. ತಾಯಿ ಅನ್ನಿಸ್ಕೊಂಡವ್ಳು ಮಾಡೋ ಕೆಲಸನಾ ಇದು?”

ಎಲ್ಲರ ತಲೆಯೂ ಸೊಸೆಯ ಕಡೆ ತಿರುಗಿತು. ಯಾರ ಮಾವ, ಯಾರ ಸೊಸೆ ಎಂದು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಆಡಿದ ಮಾತು ವಾಪಸು ಬರುವುದಿಲ್ಲ. ಮೇಷ್ಟ್ರಿಗೂ ಅದು ತಕ್ಷಣ ಗೊತ್ತಾಯಿತು ಎಂದು ಕಾಣುತ್ತದೆ, ತಡಬಡಾಯಿಸಿ ಕೂತುಬಿಟ್ಟರು.

ಅಂದಿನಿಂದ ಮನೆಯಲ್ಲಿ ಸೊಸೆಯ ಮಾತೆಲ್ಲ ಪುಟ್ಟಿಯ ಮೂಲಕ ಮೇಷ್ಟ್ರನ್ನು ತಲುಪತೊಡಗಿತು.

“ಪುಟ್ಟಿ, ತಾತನಿಗೆ ಇನ್ನೊಂದು ಸ್ವಲ್ಪ ಬೇಕಾ ಕೇಳು.”

“ತಾತ, ಇನ್ನೊಂದು ಸ್ವಲ್ಪ ಬೇಕಾ?”

“ಸಾಕು ಅಂತ ಹೇಳು.”

“ಸಾಕಂತೆ ಅಮ್ಮಾ. ನನಗೂ ಸಾಕು, ಈ ಕೆಲಸ.”

ಆಗಲೂ ಯಾರೂ ನಗಲಿಲ್ಲ. ಶನಿವಾರ ಒಗೆದ ಬಟ್ಟೆ ಹಿಂಡುತ್ತಿದ್ದಾಗ ಸೊಸೆ ಮೆಲ್ಲಗೆ ಹೇಳಿದಳು: “ಅತ್ತೆ, ಆಸ್ಪತ್ರೆ ಹಿಂದೆ ಒಂದು ಮನೆ ಖಾಲಿ ಇದೆಯಂತೆ. ಅಲ್ಲಿಂದ ನನ್ನ ಕೆಲಸಕ್ಕೂ ಪುಟ್ಟಿ ಸ್ಕೂಲಿಗೂ ನಡ್ಕೊಂಡೇ ಹೋಗ್ಬಹುದು. ಲೇನ್ ಬರಲ್ಲ ಅಂತಾದ್ರೆ ನೋಡೋಣ ಅಂತ ಇವ್ರಿಗೆ ಹೇಳಿದೀನಿ.”

ಹಿಂಡುತ್ತಿದ್ದ ಬೆಡ್‌ಶೀಟಿನ ಆ ತುದಿ ಸೊಸೆಯ ಕೈಯಲ್ಲಿ, ಈ ತುದಿ ಫೋನಮ್ಮನ ಕೈಯಲ್ಲಿ. ನೀರು ತೊಟ್ಟಿಕ್ಕುತ್ತಲೇ ಇತ್ತು. ಕೆಲಸಕ್ಕೆ ಕೈ ಜೋಡಿಸುತ್ತಾರಲ್ಲ ಎಂದು ಸುಖಪಡುತ್ತಾ ಕೂತದ್ದೇ ತಪ್ಪಾಯಿತು ಎಂದು ಫೋನಮ್ಮ ತನ್ನನ್ನೇ ಬೈದುಕೊಂಡಳು. ಈ ಸೊಸೆ ಇಲ್ಲದ ಮನೆ, ಪುಟ್ಟಿಯ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿರದ ಬಾಗಿಲು ಅವಳಿಗೆ ಬೇಡವಾಗಿತ್ತು. ಹಾಗೆಂದು ಗಂಡನ ಬಾಗಿಲಿನ ಕಾರುಗಳನ್ನು ತನ್ನ ಕೈಯಾರೆ ಅಟ್ಟಿ ಅವರ ಮುಖ ನೋಡುವುದು ಹೇಗೆ?

ನಾಲ್ಕನೆಯ ವಾರದ ಸೋಮವಾರ ಫೋನಮ್ಮನಿಗೆ ಕನ್ನಡಕದ ಅಂಗಡಿಗೆ ಹೋಗಬೇಕಿತ್ತು. ಅಂಗಡಿ ಆಸ್ಪತ್ರೆಯ ಎದುರೇ. ಎಂಟು ಗಂಟೆಗೆ ಕ್ಷೌರದಂಗಡಿಯವನು ಪಾಠಕ್ಕೆ ಬಂದು ಕಾರಿನಲ್ಲಿ ಕೂತಿದ್ದ. ಅದೇ ಕಾರಿನಲ್ಲಿ ತಾನೂ ಬರುತ್ತೇನೆ ಎಂದಳು ಫೋನಮ್ಮ.

“ಈ ಪಾಠ ಬೇಡ. ಒಂಬತ್ತರಲ್ಲಿ ಬಾ,” ಎಂದರು ಮೇಷ್ಟ್ರು ಹೆಂಡತಿಗೆ.

“ಯಾಕೆ? ಒಂಬತ್ತರ ಸೀಟು ಮೆತ್ತಗಿದೆಯಾ?” ಎಂದು ಫೋನಮ್ಮ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಳು.

ಸೊಸೆಯ ಸೈಕಲ್ಲು ಆಗಷ್ಟೇ ಬೀದಿಯ ಕೊನೆಯಲ್ಲಿ ತಿರುಗಿತ್ತು. ಎಂಟರ ಪಾಠ ಮೈದಾನದ ಕಡೆ ಹೋಗುತ್ತದೆ ಎಂದು ಮನೆಯವರೆಲ್ಲ ತಿಳಿದಿದ್ದರು. ಕಾರು ಮೈದಾನದ ಕಡೆ ಹೋಗಲಿಲ್ಲ. ಆಸ್ಪತ್ರೆ ರಸ್ತೆಗೆ ತಿರುಗಿ, ಸ್ವಲ್ಪ ದೂರ ಹೋದ ಮೇಲೆ ಮುಂದೆ ಸೊಸೆಯ ಹಳದಿ ಬ್ಯಾಗು ಕಾಣಿಸಿತು. ನಾಲ್ಕು ಕಾರಿನಷ್ಟು ಅಂತರ ಇರುವಾಗ ಮೇಷ್ಟ್ರ ಕಾಲು ಬ್ರೇಕಿನ ಮೇಲೆ ಹೋಯಿತು.

“ಹೀಗೇ ಇರು. ಮುಂದೆ ಹೋಗ್ಬೇಡ.”

“ಮೇಷ್ಟ್ರೇ, ಹಿಂದೆ ಎಲ್ಲಾ ಹಾರ್ನ್ ಮಾಡ್ತಿದಾರೆ,” ಎಂದ ಕ್ಷೌರದವನು.

“ಮಾಡ್ಲಿ. ಅವ್ರ ಹಾರ್ನು, ಅವ್ರ ಇಷ್ಟ.”

“ಮೂರನೇ ಗೇರು ಹಾಕ್ಲಾ?”

“ಬೇಡ.”

ಹಿಂದೆ ಬಸ್ಸು, ಅದರ ಹಿಂದೆ ವ್ಯಾನು, ಅದರ ಹಿಂದೆ ಇನ್ನೆಷ್ಟೋ. ಒಬ್ಬ ಪಕ್ಕಕ್ಕೆ ಬಂದು ಕಿಟಕಿ ಇಳಿಸಿ ಮೇಷ್ಟ್ರ ವಂಶವನ್ನೆಲ್ಲ ವಿಚಾರಿಸಿದ. ಮೇಷ್ಟ್ರು ಅವನ ಕಡೆ ತಿರುಗಲಿಲ್ಲ. ಅವರ ಕಣ್ಣು ಆ ಹಳದಿ ಬ್ಯಾಗಿನ ಮೇಲೆ, ಕಾಲು ಬ್ರೇಕಿನ ಮೇಲೆ. ಸೊಸೆ ಗುಂಡಿ ತಪ್ಪಿಸಲು ಹ್ಯಾಂಡಲ್ ತಿರುಗಿಸಿದರೆ ಇವರ ಕಾಲು ಒತ್ತುತ್ತಿತ್ತು. ಅವಳು ನೆಟ್ಟಗಾದರೆ ಕಾಲು ಸಡಿಲವಾಗುತ್ತಿತ್ತು. ಮುಂದೆ ಅವಳು ತನ್ನ ಪಾಡಿಗೆ ಹೋಗುತ್ತಿದ್ದಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ಆಸ್ಪತ್ರೆಯ ಗೇಟಿನೊಳಗೆ ಸೈಕಲ್ಲು ತಿರುಗಿದ ಮೇಲೆ ಮೇಷ್ಟ್ರು ಉಸಿರು ಬಿಟ್ಟು, “ಈಗ ಪಕ್ಕಕ್ಕೆ ನಿಲ್ಸು,” ಎಂದರು.

ಫೋನಮ್ಮ ಕಾರಿನಿಂದ ಇಳಿದಳು. ಈ ಮನುಷ್ಯನ ಮೇಲೆ ಇಷ್ಟು ಪ್ರೀತಿ ಬಂದು ಎಷ್ಟು ವರ್ಷವಾಗಿತ್ತೋ. ಕನ್ನಡಕದ ಅಂಗಡಿಯ ಮೆಟ್ಟಿಲ ಮೇಲೆ ಅವರನ್ನು ಕರೆದು ನಿಲ್ಲಿಸಿದಳು.

“ಎಷ್ಟು ದಿನದಿಂದ ರೀ ಇದು?”

“ಆ ವ್ಯಾನಿನವನು ಉಜ್ಜಿದ ಮಾರನೇ ದಿನದಿಂದ.” ಮೇಷ್ಟ್ರು ಕಳ್ಳತನದಲ್ಲಿ ಸಿಕ್ಕವರಂತೆ ಎತ್ತಲೋ ನೋಡಿದರು. “ಅವಳಿಗೆ ಹೇಳ್ಬೇಡ. ಬೆಳಗ್ಗೆ ಜನ ದೇವರಂಥವ್ರು ಅಂದ್ಕೊಂಡಿದಾಳೆ. ಅಂದ್ಕೊಳ್ಳಲಿ.”

“ಇಷ್ಟು ಪ್ರಾಣ ಇಟ್ಕೊಂಡು, ಲೇನ್ ಮಾತ್ರ ಬೇಡ ಅಂತೀರಲ್ಲ?”

“ಲೇನ್ ಬಂದ್ರೆ ಪುಟ್ಟಿನೂ ರಸ್ತೆಗೆ ಇಳೀತಾಳೆ ಕಣೆ. ಒಬ್ಬಳ ಹಿಂದೆ ಹೋಗ್ಬಹುದು. ಒಬ್ಬಳು ಆಸ್ಪತ್ರೆಗೆ, ಒಬ್ಬಳು ಸ್ಕೂಲಿಗೆ. ಇಬ್ಬರ ಹಿಂದೆ ಹೇಗೆ ಹೋಗ್ಲಿ? ಕಾರು ಎರಡಿದ್ರೂ ನಾನು ಒಬ್ಬನೇ ಅಲ್ವಾ?”

ಫೋನಮ್ಮ ಅಂಗಡಿಯೊಳಗೆ ಹೋದಳು. ಹೊಸ ಕನ್ನಡಕ ಹಾಕಿಕೊಂಡು ಹೊರಬಂದ ಮೇಲೆ ಅವಳಿಗೆ ಉತ್ತರ ಹೊಳೆಯಿತು.

“ಗೆರೆ ಬ್ರೇಕ್ ಹಾಕಲ್ಲ ಅಂದ್ರಿ. ಹಾಗಾದ್ರೆ ಏನು ಹಾಕತ್ತೆ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಾ ಹಿಂದೆ ಹೋಗಿ ನೋಡಿದವ್ರು ನೀವು. ಕಾಗದದಲ್ಲಿ ಷರಾ ಅಂತ ನಾಲ್ಕು ಗೆರೆ ಖಾಲಿ ಬಿಟ್ಟಿದಾರೆ. ಹೇಳಿ, ಬರಿತೀನಿ.”

“ನನ್ನ ಕಾರು?”

“ಹಿಂದಿನ ಬೀದಿ ಬಡಗಿಯ ಹಿತ್ತಲು ಖಾಲಿ ಬಿದ್ದಿದೆ. ಐದು ನಿಮಿಷ ನಡೀಬೇಕು. ನಿಮ್ಮ ಹೊಟ್ಟೆಗೂ ಒಳ್ಳೇದು.” ಸ್ವಲ್ಪ ತಡೆದು ಹೇಳಿದಳು: “ಮಗ ಸೊಸೆ ಆಸ್ಪತ್ರೆ ಹಿಂದೆ ಮನೆ ನೋಡಿದಾರೆ ರೀ. ಹೋದ್ರೆ ಹಿಂದೆ ಹೋಗೋಕೂ ಯಾರೂ ಇರಲ್ಲ.”

ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕ್ಷೌರದವನು ಕಾರಿನಿಂದ ಎರಡು ಸಲ ಇಣುಕಿ ನೋಡಿದ.

ಅಂದು ಮಧ್ಯಾಹ್ನ ಉಪ್ಪಿನ ಜಾಡಿಯ ಕೆಳಗಿಂದ ಕಾಗದ ಹೊರಬಂತು. ಹೊಸ ಕನ್ನಡಕ ಏರಿಸಿ ಫೋನಮ್ಮ ‘ಒಪ್ಪಿಗೆಯಿದೆ’ ಎಂಬಲ್ಲಿ ಗೀಟೆಳೆದಳು. ಮೇಷ್ಟ್ರು ಕೋಣೆಯಲ್ಲಿ ಶತಪಥ ತಿರುಗುತ್ತಾ ಷರಾ ಹೇಳಿದರು. ಗೆರೆ ಸಾಲದು, ಕಂಬ ನೆಡಬೇಕು. ಕಂಬಗಳ ನಡುವೆ ಕಾರು ನುಸುಳುವಷ್ಟು ಜಾಗ ಇರಬಾರದು. ಆಸ್ಪತ್ರೆಯ ತಿರುವಿನಲ್ಲಿ ಬಸ್ಸಿನವನಿಗೆ ಪಕ್ಕದ ಸೈಕಲ್ಲು ಕಾಣುವುದಿಲ್ಲ, ಅಲ್ಲಿ ದಾರಿಯನ್ನು ಇಪ್ಪತ್ತು ಅಡಿ ಹಿಂದೆಯೇ ಒಳಕ್ಕೆ ತಿರುಗಿಸಬೇಕು. ಔಷಧಿ ಅಂಗಡಿಯ ಮುಂದಿನ ಗುಂಡಿ ಮೊದಲು ಮುಚ್ಚಬೇಕು. ನಾಲ್ಕು ಗೆರೆ ಸಾಲದೆ ಫೋನಮ್ಮ ಪಾಠದ ಪುಸ್ತಕದಿಂದ ಹಾಳೆ ಹರಿದು ಲಗತ್ತಿಸಿದಳು.

ಸಂಜೆ ಸೊಸೆ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಸಂಘದಲ್ಲಿ ಎರಡು ವರ್ಷ ತಲೆ ಕೆಡಿಸಿಕೊಂಡವರಿಗೂ ಆ ತಿರುವಿನ ಮಾತು ಹೊಳೆದಿರಲಿಲ್ಲ.

“ಅತ್ತೆ, ಔಷಧಿ ಅಂಗಡಿ ಮುಂದೆ ನಾನು ದಿನಾ ಹ್ಯಾಂಡಲ್ ತಿರುಗಿಸ್ತೀನಿ ಅಂತ ಮಾವನಿಗೆ ಹೇಗೆ ಗೊತ್ತಾಯ್ತು?”

“ಮೇಷ್ಟ್ರಲ್ವೇನಮ್ಮಾ, ಗೊತ್ತಿರತ್ತೆ,” ಎಂದು ಫೋನಮ್ಮ ಒಲೆಯ ಕಡೆ ತಿರುಗಿದಳು.

ಸೊಸೆ ಏನು ತಿಳಿದುಕೊಂಡಳೋ ಏನೋ. ರಾತ್ರಿ ಊಟದಲ್ಲಿ ಪುಟ್ಟಿಯನ್ನು ಕರೆಯದೆ ತಾನೇ ಸೌಟು ಹಿಡಿದು ಬಂದು ನಿಂತಳು. “ಮಾವ, ಇನ್ನೊಂದು ಸ್ವಲ್ಪ ಹಾಕ್ಲಾ?”

ಮೇಷ್ಟ್ರು ತಟ್ಟೆಯನ್ನು ಮುಂದಕ್ಕೆ ಸರಿಸಿದರು. “ಹಾಕಮ್ಮಾ. ಅವತ್ತು ಸಭೆಯಲ್ಲಿ ಆಡಬಾರದ ಮಾತು ಆಡ್ದೆ. ಮನಸ್ಸಲ್ಲಿ ಇಟ್ಕೋಬೇಡ.”

“ಇಟ್ಕೊಂಡಿದ್ರೆ ಇಷ್ಟು ಹಾಕ್ತಿದ್ನಾ?” ಎಂದಳು ಸೊಸೆ.

ಮಗ ಅಂದು ಮೂರು ತುತ್ತು ಹೆಚ್ಚಿಗೆ ಉಂಡ.

ಲೇನ್ ಆಗುವುದಕ್ಕೆ ಮತ್ತೆ ಐದು ತಿಂಗಳು ಹಿಡಿಯಿತು. ಕಂಬಗಳೂ ಬಂದವು, ಆಸ್ಪತ್ರೆಯ ತಿರುವೂ ಸರಿಹೋಯಿತು. ಕುರ್ಚಿ-ಮೇಜಿನ ಅಂಗಡಿಯವನು ಒಂದು ತಿಂಗಳು ಮೇಷ್ಟ್ರ ಜೊತೆ ಮಾತು ಬಿಟ್ಟು, ಮಗಳಿಗೆ ಕಾರು ಕಲಿಸಬೇಕಾದಾಗ ಮತ್ತೆ ಹಿಡಿದ. ಬಿಳಿ ಕಾರುಗಳು ಬಡಗಿಯ ಹಿತ್ತಲಿಗೆ ಹೋಗಿ ಮರದ ಹೊಟ್ಟು ಮೆತ್ತಿಕೊಂಡು ನಿಂತವು. ಅದನ್ನು ದಿನಾ ಒರೆಸುವುದು ಮೇಷ್ಟ್ರಿಗೆ ಹೊಸ ಗೊಣಗಾಟವಾಯಿತು. ಫೋನಮ್ಮನ ಪಾತ್ರೆಗಳು ಮತ್ತೆ ಫೋನಮ್ಮನ ಪಾಲಿಗೇ ಬಂದವು. ಬಟಾಣಿ ಸುಲಿಯುವ ಕೆಲಸವನ್ನು ಮಾತ್ರ ಮೇಷ್ಟ್ರು ಬಿಡಲಿಲ್ಲ.

ಲೇನ್ ತೆರೆದ ದಿನ ಸೊಸೆ ಮುಂದೆ, ಪುಟ್ಟಿ ಹಿಂದೆ, ಎರಡು ಸೈಕಲ್ಲು ಬೀದಿಯ ಕೊನೆಯಲ್ಲಿ ತಿರುಗಿದವು. ಪುಟ್ಟಿ ಅಲ್ಲಿಂದಲೇ ಕೈಯೆತ್ತಿ ಬೀಸಿದಳು. ಮೇಷ್ಟ್ರ ಕಾಲು ಹೊಸಿಲನ್ನು ಒತ್ತಿದ್ದನ್ನು ಫೋನಮ್ಮ ನೋಡಿಯೂ ನೋಡದಂತಿದ್ದಳು. ಆಮೇಲೆ ಮೇಷ್ಟ್ರು ಬಡಗಿಯ ಹಿತ್ತಲ ಕಡೆ ಎಂದಿಗಿಂತ ಬೇಗ ಬೇಗ ಹೆಜ್ಜೆ ಹಾಕಿದರು.

ಒಂಬತ್ತಕ್ಕೆ ಫೋನು ಬಂತು. ಎಂಟರ ಪಾಠದ ಹೊಸಬ, ಗಡಿಯಾರ ರಿಪೇರಿಯವನು.

“ಫೋನಮ್ಮಾ, ಇವತ್ತು ಮೇಷ್ಟ್ರು ಮೂರನೇ ಗೇರು ಹಾಕಿಸಿದ್ರು!”

“ಒಳ್ಳೇದಾಯ್ತಪ್ಪಾ.”

“ಆ ಎರಡು ಸೈಕಲ್ ದಾಟಿ ಜೋರಾಗಿ ಹೋದ್ವಿ. ಆದ್ರೆ ಆಮೇಲೆ ಸ್ಕೂಲ್ ಗೇಟಿನ ಎದುರು ಹತ್ತು ನಿಮಿಷ ಸುಮ್ನೆ ನಿಲ್ಲಿಸಿಬಿಟ್ರು. ಒಂದು ಪುಟ್ಟ ಹುಡುಗಿ ಸೈಕಲ್ಲಲ್ಲಿ ಬಂದು ಒಳಗೆ ಹೋದ ಮೇಲೇ ಹೊರಡು ಅಂದಿದ್ದು. ಅದಕ್ಕೂ ಪಾಠ ಅಂತ ಲೆಕ್ಕನಾ?”

ಫೋನಮ್ಮ ಕಿವಿಗೆ ಫೋನು ಸಿಕ್ಕಿಸಿಕೊಂಡು, ಸೌಟು ಕೆಳಗಿಟ್ಟು, ಪಾಠದ ಪುಸ್ತಕ ತೆಗೆದಳು.

“ಲೆಕ್ಕಾನೇ ಕಣಪ್ಪಾ,” ಎಂದಳು. “ಅದು ಪಾರ್ಕಿಂಗ್ ಪಾಠ. ಬರ್ಕೊಂಡಿದೀನಿ.”